ನಾಯಿಗಳು ತಿನ್ನದ ಮಾವ

ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ತನ್ನ ಚಿಕ್ಕಪ್ಪನನ್ನು ಹಸಿದ 120 ನಾಯಿಗಳಿಗೆ ಹಾಕಿ ಕೊಲ್ಲಿಸಿದ. ಬಸ್ಸಿನಲ್ಲೋ ಕಟಿಂಗ್ ಶಾಪಿನಲ್ಲೋ ಈ ಮಾತನ್ನು ಒಮ್ಮೆಯಾದರೂ ಕೇಳದವರು ಕಡಿಮೆ. ಇದರಲ್ಲಿ ಎರಡು ತಪ್ಪುಗಳಿವೆ. ನಾಯಿಗಳಿರಲಿಲ್ಲ. ಸತ್ತವನು ಚಿಕ್ಕಪ್ಪನೂ ಅಲ್ಲ.

ನಾಯಿಯ ಕಥೆ ಹುಟ್ಟಿದ್ದು ಚೀನಾದ ವಿಡಂಬನಕಾರನೊಬ್ಬ ಜಾಲತಾಣದಲ್ಲಿ ಗೀಚಿದ ನಾಲ್ಕು ಸಾಲಿನಿಂದ. ಹಾಂಗ್‌ಕಾಂಗಿನ ಪತ್ರಿಕೆಯೊಂದು ಅದನ್ನು ಸುದ್ದಿಯಾಗಿ ಅಚ್ಚುಹಾಕಿತು, ಸಿಂಗಪುರದ್ದು ಎತ್ತಿಕೊಂಡಿತು, 2014ರ ಜನವರಿಯ ಹೊತ್ತಿಗೆ ಲೋಕವೆಲ್ಲ ನಂಬಿತ್ತು. ಚಿಕ್ಕಪ್ಪನ ತಪ್ಪು ಇಂಗ್ಲಿಷಿನ 'ಅಂಕಲ್' ತಂದಿಟ್ಟದ್ದು. ಜಾಂಗ್ ಸಾಂಗ್ ಥೇಕ್ ಕಿಮ್‌ನ ಸೋದರತ್ತೆಯ ಗಂಡ, ನಮ್ಮ ಲೆಕ್ಕದಲ್ಲಿ ಮಾವ. ಇದು ಬರೀ ಪದದ ತಕರಾರಲ್ಲ. ಆ ಮನೆತನದ ಹಕ್ಕು ನಿಂತಿರುವುದೇ 'ಪೇಕ್ಟು ರಕ್ತ'ದ ಮೇಲೆ. ಪೇಕ್ಟು ಅವರ ಪವಿತ್ರ ಬೆಟ್ಟ. ಮಾವ ಆ ರಕ್ತದವನಲ್ಲ, ಮದುವೆಯಿಂದ ಒಳಬಂದವನು.

ನಿಜವಾಗಿ ನಡೆದದ್ದು ನಾಯಿಯ ಕಥೆಗಿಂತ ತಣ್ಣಗಿನದು, ನನಗನ್ನಿಸುವಂತೆ ಹೆಚ್ಚು ಭಯ ಹುಟ್ಟಿಸುವಂಥದ್ದು. 2013ರ ಡಿಸೆಂಬರ್ 8ರಂದು ಪಕ್ಷದ ಸಭೆ. ಸಾಲುಸಾಲಾಗಿ ಕೂತ ಅಧಿಕಾರಿಗಳ ಮಧ್ಯದಿಂದ ಜಾಂಗ್‌ನನ್ನು ಸಮವಸ್ತ್ರದವರು ರಟ್ಟೆ ಹಿಡಿದು ಎಬ್ಬಿಸಿದರು, ಆ ಚಿತ್ರವನ್ನು ಸರ್ಕಾರಿ ಟಿ.ವಿ.ಯೇ ತೋರಿಸಿತು. 12ರಂದು ವಿಶೇಷ ಸೇನಾ ನ್ಯಾಯಮಂಡಳಿ ಮರಣದಂಡನೆ ವಿಧಿಸಿತು, ಕೂಡಲೇ ಜಾರಿಯೂ ಆಯಿತು. ಉದ್ದನೆಯ ಆರೋಪಪಟ್ಟಿ ಹೊರಬಿತ್ತು. ದೇಶದ್ರೋಹ, ಕಲ್ಲಿದ್ದಲನ್ನು ಅಗ್ಗಕ್ಕೆ ಮಾರಿದ್ದು, ಜೂಜು, ಹೆಣ್ಣು. ಜೊತೆಗೆ ಕಿಮ್‌ಗೆ ಉನ್ನತ ಹುದ್ದೆ ಘೋಷಣೆಯಾದಾಗ ಅರೆಮನಸ್ಸಿನಿಂದ ಚಪ್ಪಾಳೆ ತಟ್ಟಿದ್ದು. ಚೀನಾದೊಂದಿಗಿನ ವ್ಯಾಪಾರದ ಹಣ, ಪೊಲೀಸು ವ್ಯವಸ್ಥೆಯ ಉಸ್ತುವಾರಿ ಎರಡೂ ಜಾಂಗ್ ಕೈಯಲ್ಲಿದ್ದವು. ಎರಡನೆಯ ಗದ್ದುಗೆಯೊಂದು ಎದ್ದಿತ್ತು. ಅದನ್ನು ಕೆಡವಿದ್ದು ಸಭೆ ಕರೆದು, ಪಟ್ಟಿ ಓದಿ, ಕ್ಯಾಮೆರಾ ಇಟ್ಟು. ಹುಚ್ಚರು ಇಷ್ಟು ಕಾಗದಪತ್ರ ಇಡುವುದಿಲ್ಲ.

"ಹುಡುಗ, ಅನುಭವವಿಲ್ಲ, ಸೇನಾಪತಿಗಳ ಕೈಗೊಂಬೆ ಆಗುತ್ತಾನೆ." 2011ರ ಡಿಸೆಂಬರ್ 17ರಂದು ತಂದೆ ಕಿಮ್ ಜಾಂಗ್ ಇಲ್ ತೀರಿಕೊಂಡಾಗ ಪಂಡಿತರು ಹೇಳಿದ್ದು ಇದನ್ನೇ. ಮಗನಿಗೆ ಆಗ ಮೂವತ್ತೂ ತುಂಬಿರಲಿಲ್ಲ. ತಂದೆಗೆ ಉತ್ತರಾಧಿಕಾರಿಯಾಗಿ ತಯಾರಾಗಲು ಸುಮಾರು ಇಪ್ಪತ್ತು ವರ್ಷ ಸಿಕ್ಕಿತ್ತು. ಮಗ ಜನರಲ್ ಪದವಿಯೊಂದಿಗೆ ಬೆಳಕಿಗೆ ಬಂದದ್ದು 2010ರ ಸೆಪ್ಟೆಂಬರಿನಲ್ಲಿ, ಅಂದರೆ ಹದಿನೈದೇ ತಿಂಗಳು ಮುಂಚೆ. ಹಾಗಾಗಿ ಅಂದಾಜು ತಪ್ಪೆನ್ನುವಂತಿರಲಿಲ್ಲ. ಆದರೆ ಡಿಸೆಂಬರ್ 28ರ ಶವಯಾತ್ರೆಯ ಚಿತ್ರ ನೋಡಿ. ಹಿಮದಲ್ಲಿ ಶವದ ಕಾರಿನ ಇಬ್ಬದಿಗೆ ಎಂಟು ಮಂದಿ ನಡೆಯುತ್ತಿದ್ದಾರೆ. ಒಬ್ಬ ಕಿಮ್. ಅವನ ಹಿಂದೆ ಜಾಂಗ್. ಆಚೆ ಬದಿಯ ನಾಲ್ವರೂ ಸೇನೆ ಮತ್ತು ಗುಪ್ತಚರ ವಿಭಾಗದ ಘಟಾನುಘಟಿಗಳು. ವರ್ಷ ತುಂಬುವುದರೊಳಗೆ ಆ ನಾಲ್ವರೂ ತಮ್ಮ ಕುರ್ಚಿಯಲ್ಲಿರಲಿಲ್ಲ. ಸೇನಾ ಮುಖ್ಯಸ್ಥ ರಿ ಯಾಂಗ್ ಹೊ 2012ರ ಜುಲೈನಲ್ಲಿ 'ಅನಾರೋಗ್ಯ'ದಿಂದ ವಜಾ ಆದ. ಎರಡೇ ದಿನಕ್ಕೆ ಕಿಮ್‌ಗೆ ಮಾರ್ಷಲ್ ಪದವಿ.

ಅದೇ ಚಿತ್ರದಲ್ಲಿ ಕಿಮ್‌ನ ಬದಿಯಲ್ಲಿದ್ದ ಪ್ರಚಾರ ವಿಭಾಗದ ಮುದುಕ ಕಿಮ್ ಕಿ ನಾಮ್ ಸುಖವಾಗಿ ನಿವೃತ್ತನಾಗಿ 2024ರಲ್ಲಿ 94ರ ವಯಸ್ಸಿಗೆ ಸತ್ತ, ಅಂತ್ಯಕ್ರಿಯೆಗೆ ದೊರೆಯೇ ಬಂದ. ಎಲ್ಲರನ್ನೂ ಕೊಲ್ಲುತ್ತಾನೆ ಎಂಬ ನಂಬಿಕೆ ಇಲ್ಲಿ ಎಡವುತ್ತದೆ. ಕೊಲ್ಲುವುದು ಕೆಲವರನ್ನು, ಅಲ್ಲಾಡಿಸುವುದು ಎಲ್ಲರನ್ನು. ರಿ ಯಾಂಗ್ ಗಿಲ್ ಎಂಬ ಸೇನಾಧಿಕಾರಿಗೆ ಮರಣದಂಡನೆಯಾಯಿತೆಂದು 2016ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದಿಂದ ಸುದ್ದಿ ಬಂತು. ಮೇ ತಿಂಗಳಲ್ಲಿ ಅವನಿಗೆ ಪಕ್ಷದ ಹೊಸ ಹುದ್ದೆ ಸಿಕ್ಕಿತು, ಮುಂದೆ ರಕ್ಷಣಾ ಸಚಿವನೂ ಆದ. 2013ರಲ್ಲಿ 'ಗುಂಡಿಗೆ ಬಲಿಯಾದ' ಗಾಯಕಿ ಹ್ಯೊನ್ ಸಾಂಗ್ ವೊಲ್ 2018ರಲ್ಲಿ ನಿಯೋಗದ ನಾಯಕಿಯಾಗಿ ಸೋಲ್‌ಗೇ ಬಂದಿಳಿದಳು. ಅತ್ತ ಗುಪ್ತಚರ ಮಂತ್ರಿ ಕಿಮ್ ವಾನ್ ಹಾಂಗ್, ಜಾಂಗ್‌ನನ್ನು ಬಲಿಹಾಕಿದ ಇಲಾಖೆಯ ಯಜಮಾನ, 2017ರಲ್ಲಿ ತಾನೇ ಪದವಿ ಕಳೆದುಕೊಂಡ. ಇಂದಿನ ಶಿಕ್ಷೆ ಖಾಯಂ ಅಲ್ಲ, ನಾಳಿನ ಕೃಪೆಯೂ ಖಾಯಂ ಅಲ್ಲ. ಹೀಗಿರುವಾಗ ಯಾರು ಯಾರನ್ನು ನಂಬಿ ಪಿತೂರಿ ಮಾಡಿಯಾರು?

ರಕ್ತದವರ ವಿಷಯ ಬೇರೆ. ಮಲ ಅಣ್ಣ ಕಿಮ್ ಜಾಂಗ್ ನಾಮ್ ಹೊರದೇಶದಲ್ಲಿ ಅಲೆಯುತ್ತಿದ್ದರೂ ಅದೇ ರಕ್ತದವನು, ಪರ್ಯಾಯ ದೊರೆ ಆಗಬಲ್ಲವನು. 2017ರ ಫೆಬ್ರವರಿ 13ರಂದು ಕ್ವಾಲಾಲಂಪುರದ ವಿಮಾನ ನಿಲ್ದಾಣದಲ್ಲಿ ಇಬ್ಬರು ಹೆಂಗಸರು ಅವನ ಮುಖಕ್ಕೆ ವಿಎಕ್ಸ್ ಎಂಬ ನರವಿಷ ಸವರಿದರು. ತನ್ನ ಕೈವಾಡವಿಲ್ಲ ಎಂದಿತು ಉತ್ತರ ಕೊರಿಯಾ. ಮಲೇಷ್ಯಾ ಪೊಲೀಸರು ಶಂಕಿಸಿದ ನಾಲ್ವರು ಉತ್ತರ ಕೊರಿಯನ್ನರು ಅದೇ ದಿನ ವಿಮಾನ ಹತ್ತಿದ್ದರು.

"ಅಲ್ಲಿ ನಡೆಯುವುದು ಸೇನೆಯ ರಾಜ್ಯ." ತಂದೆಯ ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು. ಮಗ ಅಧಿಕಾರವನ್ನು ಪಕ್ಷಕ್ಕೆ ಮರಳಿಸಿದ. 36 ವರ್ಷ ನಡೆಯದಿದ್ದ ಪಕ್ಷದ ಮಹಾಧಿವೇಶನವನ್ನು 2016ರಲ್ಲಿ ಕರೆದ. ಸೇನೆಯಲ್ಲಿ ದಳಪತಿಯ ಪಕ್ಕದಲ್ಲೇ ಪಕ್ಷದ ರಾಜಕೀಯ ಅಧಿಕಾರಿ, ಜೊತೆಗೆ ಗುಪ್ತಚರ ವಿಭಾಗದವನು. ಮೂವರೂ ಬೇರೆಬೇರೆ ದಾರಿಯಲ್ಲಿ ಮೇಲಕ್ಕೆ ವರದಿ ಮಾಡುತ್ತಾರೆ.

ಇನ್ನು ಜನ. ಅವರು ತಲೆತೊಳೆಸಿಕೊಂಡ ಬೊಂಬೆಗಳು ಎನ್ನುವುದು ಸುಲಭದ ಮಾತು. 1990ರ ದಶಕದ ಬರಗಾಲದಲ್ಲಿ ರೇಷನ್ ನಿಂತಾಗ ಬದುಕಿಸಿದ್ದು 'ಜಾಂಗ್‌ಮಾದಾಂಗ್' ಎಂಬ ಸಂತೆಗಳು, ಅವುಗಳಲ್ಲಿ ಕೂತ ಹೆಂಗಸರು. 2009ರಲ್ಲಿ ತಂದೆಯ ಸರ್ಕಾರ ನೂರು ಹಳೆಯ ನೋಟಿಗೆ ಒಂದು ಹೊಸ ನೋಟು ಎಂದು ವ್ಯಾಪಾರಿಗಳ ಉಳಿತಾಯ ಕರಗಿಸಿದಾಗ ಆ ದೇಶದಲ್ಲೂ ಜನ ಸಿಡಿದರು. ಮಗ ಪಾಠ ಕಲಿತ. ಮೊದಲ ವರ್ಷಗಳಲ್ಲಿ ಸಂತೆಯ ತಂಟೆಗೆ ಹೋಗದೆ ಮಳಿಗೆ ಸುಂಕ ವಸೂಲಿ ಮಾಡಿದ. ಬಿಗಿ ಮಾಡಿದ್ದು ಗಡಿಯನ್ನು: 2011ರಲ್ಲಿ 2,706 ಮಂದಿ ತಪ್ಪಿಸಿಕೊಂಡು ದಕ್ಷಿಣ ತಲುಪಿದ್ದರು, 2012ರಲ್ಲಿ 1,502. ಊರೊಳಗೆ ಇಪ್ಪತ್ತು ನಲವತ್ತು ಮನೆಗೊಂದು 'ಇನ್ಮಿನ್‌ಬಾನ್' ಎಂಬ ನೆರೆಹೊರೆಯ ಕಾವಲು ಗುಂಪು. ರಾತ್ರಿ ಯಾರ ಮನೆಗೆ ನೆಂಟರು ಬಂದರೆಂಬುದೂ ಅದರ ಮುಖ್ಯಸ್ಥೆಗೆ ಗೊತ್ತಿರಬೇಕು. ಇದರ ಮೇಲೆ 'ಸೊಂಗ್‌ಬುನ್', ತಾತನ ಕಾಲದ ನಿಷ್ಠೆಯ ಮೇಲೆ ಮೊಮ್ಮಗನ ಕಾಲೇಜು, ಕೆಲಸ ನಿರ್ಧರಿಸುವ ದರ್ಜೆ. ದೊರೆಯ ತಾಯಿ ಹುಟ್ಟಿದ್ದು ಜಪಾನಿನ ಒಸಾಕಾದಲ್ಲಿ. ಅಂಥ ಹಿನ್ನೆಲೆ ಅಲ್ಲಿ ಅನುಮಾನಕ್ಕೆ ಗುರಿ. ಅದಕ್ಕೇ ಇರಬೇಕು, ಪ್ರಚಾರದಲ್ಲಿ ಆಕೆಯ ಹುಟ್ಟೂರಿನ ಸುದ್ದಿಯೇ ಇಲ್ಲ.

ಅಣುಬಾಂಬು ಹುಚ್ಚಾಟವೇ? ಅಣು ಯೋಜನೆ ಬಿಟ್ಟುಕೊಟ್ಟ ಲಿಬಿಯಾದ ಗಡಾಫಿ 2011ರ ಅಕ್ಟೋಬರಿನಲ್ಲಿ ಹೇಗೆ ಸತ್ತನೆಂಬುದನ್ನು ಕಿಮ್ ಪಟ್ಟಕ್ಕೇರುವ ಎರಡು ತಿಂಗಳ ಮುಂಚೆ ನೋಡಿದ್ದ. ದೇಶದ ಆರು ಅಣುಪರೀಕ್ಷೆಗಳಲ್ಲಿ ನಾಲ್ಕು ಅವನ ಕಾಲದವು.

ಮಾವನ ಹೆಂಡತಿ, ರಕ್ತದ ಸೋದರತ್ತೆ ಕಿಮ್ ಕ್ಯೊಂಗ್ ಹುಯಿ? ಆಕೆಗೂ ವಿಷ ಹಾಕಿಸಿದನೆಂದು 2015ರಲ್ಲಿ ಸುದ್ದಿಯಾಯಿತು. 2020ರ ಜನವರಿಯಲ್ಲಿ ಪ್ಯೊಂಗ್‌ಯಾಂಗಿನ ಹೊಸವರ್ಷದ ಸಂಗೀತ ಕಾರ್ಯಕ್ರಮದ ಮೊದಲ ಸಾಲಿನಲ್ಲಿ ಆಕೆ ದೊರೆಯ ಹೆಂಡತಿಯ ಪಕ್ಕ ಕೂತಿದ್ದಳು.