ದುರ್ಗದ ನೆಲದ ಸಂಶೋಧನೆ ದುರ್ಗಕ್ಕೆ ಸಿಗುವುದು ಹೇಗೆ?

2025ರ ಜನವರಿಯಿಂದ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಜಾರಿಗೆ ಬಂದಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆತ್ತು, 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳನ್ನು 6,300ಕ್ಕೂ ಹೆಚ್ಚು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಒದಗಿಸುವ ಏರ್ಪಾಡು ಇದು. ದೊಡ್ಡ ಸಂಸ್ಥೆಗಳಿಗಷ್ಟೇ ಕೈಗೆಟುಕುತ್ತಿದ್ದ ಪತ್ರಿಕೆಗಳು ಜಿಲ್ಲಾ ಕೇಂದ್ರದ ಕಾಲೇಜಿಗೂ ಬಂದವು ಎಂಬ ಸಂತೋಷಕ್ಕೆ ಕಾರಣವಿದೆ. ಆದರೆ ಈ ಚಂದಾ ಕ್ಯಾಂಪಸ್ಸಿನ ಗೇಟಿನ ಒಳಗಿರುವವರಿಗೆ ಮಾತ್ರ. ಹೊಳಲ್ಕೆರೆಯ ಅಡಿಕೆ ಬೆಳೆಗಾರರು, ಹೊಸದುರ್ಗದ ಹೈಸ್ಕೂಲು ಮೇಷ್ಟ್ರು, ಹಿರಿಯೂರಿನ ಪತ್ರಕರ್ತರು ಇದರ ಲೆಕ್ಕಕ್ಕೆ ಬರುವುದಿಲ್ಲ. ಮೇಲಾಗಿ ಇದು ಹೊರಗಿನವರು ಬರೆದದ್ದನ್ನು ನಾವು ಓದುವ ದಾರಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಮ್ಮದೇ ಊರಿನ ಬಗ್ಗೆ ಬರೆದದ್ದನ್ನು ಊರಿನವರು ಓದುವ ದಾರಿ ಬೇರೆ ಇದೆ. ಅದಕ್ಕೆ ಇಷ್ಟು ದೊಡ್ಡ ಸುದ್ದಿಯ ಭಾಗ್ಯ ಸಿಕ್ಕಿಲ್ಲ.

ಚಿತ್ರದುರ್ಗದ ಮಟ್ಟಿಗೆ ಈ ಎರಡನೆಯ ದಾರಿಯೇ ಮುಖ್ಯ. ಈ ಜಿಲ್ಲೆಯ ನೆಲವನ್ನು ಸಂಶೋಧಕರು ಬಿಟ್ಟದ್ದೇ ಇಲ್ಲ. ಭೂವಿಜ್ಞಾನಿಗಳಿಗೆ ಚಿತ್ರದುರ್ಗದ ಶಿಸ್ಟ್ ಪಟ್ಟಿ ಬೇಕು. ಕಡಲಡಿಯಲ್ಲಿ ಉಕ್ಕಿದ ಲಾವಾ ತಣ್ಣೀರಿಗೆ ತಾಗಿ ದಿಂಬಿನಂತೆ ಗಟ್ಟಿಯಾದ ಮರಡಿಹಳ್ಳಿಯ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೇ ಆಗಿವೆ. ಇತಿಹಾಸದವರಿಗೆ ನಾಯಕರ ಕೋಟೆ, ಜಾನಪದದವರಿಗೆ ಕಾಡುಗೊಲ್ಲರು ಮತ್ತು ಮ್ಯಾಸಬೇಡರ ಕಥನಗಳು, ಜಲತಜ್ಞರಿಗೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಈ ನಡುವಿನ ದಶಕಗಳ ಮಳೆ, ಒಳಹರಿವು, ಅಂತರ್ಜಲದ ಲೆಕ್ಕ ಹಿರಿಯೂರಿನವರಿಗಿಂತ ಹೆಚ್ಚಾಗಿ ಇನ್ಯಾರಿಗೆ ಬೇಕು?

ತೊಡಕು ಇರುವುದು ಪ್ರಬಂಧಗಳ ವಿಳಾಸದಲ್ಲಿ. ಜಿಲ್ಲೆಯ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂದಾಗ ಶಂಕರಘಟ್ಟದ ಕಡೆ ತಿರುಗಿದವು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದವು. ಇವಲ್ಲದೆ ಧಾರವಾಡ, ಬೆಂಗಳೂರು, ಹಂಪಿಯಿಂದಲೂ ಸಂಶೋಧಕರು ಇಲ್ಲಿಗೆ ಬಂದು ಕ್ಷೇತ್ರಕಾರ್ಯ ಮಾಡಿ ಹೋದರು. ಪ್ರಶ್ನಾವಳಿಗೆ ಉತ್ತರ ಕೊಟ್ಟವರು, ಶಾಸನ ತೋರಿಸಿದವರು, ಬಾವಿಯ ನೀರಿನ ಮಾದರಿ ಕೊಟ್ಟವರು ಇಲ್ಲಿನವರು. ರಟ್ಟು ಹಾಕಿ ಬೈಂಡ್ ಮಾಡಿಸಿದ ಪ್ರಬಂಧ ಮಾತ್ರ ನೂರಾರು ಕಿಲೋಮೀಟರ್ ದೂರದ ಗ್ರಂಥಾಲಯದ ಕಪಾಟಿನಲ್ಲಿ.

ವರದಿ ಹೊರಗೆ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ಚಿತ್ರದುರ್ಗದ ಬೆಟ್ಟದ ತಪ್ಪಲಲ್ಲೇ ಸಾಕ್ಷಿಯಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪ್ರಾಧ್ಯಾಪಕರೂ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ಡಾ. ಎಂ.ಎಚ್. ಕೃಷ್ಣ 1929ರ ಸುಮಾರಿಗೆ ಚಂದ್ರವಳ್ಳಿಯಲ್ಲಿ ಅಗೆಸಿದರು. ಕದಂಬ ಮಯೂರಶರ್ಮನ ಬಂಡೆಶಾಸನವಿರುವ ಜಾಗ ಅದು. ಶಾತವಾಹನರ ಸೀಸದ ನಾಣ್ಯಗಳು, ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿರುವ ನೆಲ. ಕೃಷ್ಣ ಅವರು ಅಗೆದು ಸುಮ್ಮನಾಗಲಿಲ್ಲ, ಇಲಾಖೆಯ ವರದಿಯಾಗಿ ಅಚ್ಚು ಹಾಕಿಸಿದರು. ಮುಂದೆ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲೂ ಉತ್ಖನನ ಮಾಡಿದರು.

1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಅಗೆಯುವಾಗ ಇಟಲಿಯ ಮಡಕೆ ಚೂರುಗಳು ಸಿಕ್ಕವು. ಆ ಮಡಕೆಗಳು ತಯಾರಾದ ಕಾಲ ಖಚಿತವಾಗಿ ಗೊತ್ತಿತ್ತು. ಅವುಗಳ ಜೊತೆಯಲ್ಲೇ, ಒಳತಳದಲ್ಲಿ ಸಣ್ಣ ಕಚ್ಚುಗಳ ಉಂಗುರವಿರುವ ರೂಲೆಟೆಡ್ ಮಡಕೆಗಳೂ ಇದ್ದವು. ಹಾಗಾದರೆ ರೂಲೆಟೆಡ್ ಮಡಕೆ ಎಲ್ಲಿ ಸಿಕ್ಕರೂ ಆ ಪದರದ ಕಾಲವನ್ನು ಹೇಳಬಹುದಲ್ಲ? ಈ ತರ್ಕವನ್ನು ಒಳನಾಡಿನಲ್ಲಿ ಪರೀಕ್ಷಿಸಲು ವೀಲರ್ 1947ರಲ್ಲಿ ಬಂದದ್ದು ಕೃಷ್ಣ ಆಗಲೇ ಅಗೆದು ವರದಿ ಮಾಡಿದ್ದ ಚಂದ್ರವಳ್ಳಿ ಮತ್ತು ಬ್ರಹ್ಮಗಿರಿಗೇ. ಚಂದ್ರವಳ್ಳಿಯಲ್ಲಿ ಅದೇ ಮಡಕೆ ಸಿಕ್ಕಿತು. ಅಲ್ಲಿಂದ ಬ್ರಹ್ಮಗಿರಿಯ ಪದರಗಳಿಗೆ, ಅದರ ಕೆಳಗಿನ ಬೃಹತ್ ಶಿಲಾ ಸಮಾಧಿಗಳ ಸಂಸ್ಕೃತಿಗೆ ಕಾಲದ ಎಳೆ ಸಿಕ್ಕಿತು. ‘ಏನ್‌ಷಂಟ್ ಇಂಡಿಯಾ’ ಪತ್ರಿಕೆಯ ನಾಲ್ಕನೆಯ ಸಂಚಿಕೆಯಲ್ಲಿ ಬಂದ ಆ ವರದಿ ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಬುನಾದಿಯಾಯಿತು. ಅಲ್ಲಿ ಹಾಕಿದ ಕೆಲವು ಕಾಲಗಳನ್ನು ಮುಂದಿನ ತಲೆಮಾರಿನವರು ತಿದ್ದಿದರು. ವರದಿ ಕಣ್ಣೆದುರಿಗೆ ಇದ್ದದ್ದರಿಂದಲೇ ತಿದ್ದಲು ಸಾಧ್ಯವಾಯಿತು.

ಆಗ ವರದಿಯನ್ನು ಹೊರಗೆ ತರಲು ಸರ್ಕಾರಿ ಮುದ್ರಣಾಲಯ ಬೇಕಿತ್ತು. ಈಗ ಅದೇ ಕೆಲಸ ಮಾಡುವುದು ‘ಶೋಧಗಂಗಾ’. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ 5 ಲಕ್ಷಕ್ಕೂ ಹೆಚ್ಚು ಪಿಎಚ್.ಡಿ. ಪ್ರಬಂಧಗಳಿವೆ. 2009ರ ಯುಜಿಸಿ ನಿಯಮದಿಂದ ಪ್ರತಿ ಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿ ಸಲ್ಲಿಸುವುದು ಕಡ್ಡಾಯವಾಯಿತು. ಓದಲು ಶುಲ್ಕವಿಲ್ಲ, ಕಾಲೇಜಿನ ಗುರುತಿನ ಚೀಟಿಯೂ ಬೇಡ.

ಇದರ ಒಳಗಿನ ವ್ಯವಸ್ಥೆ ಪಹಣಿ ಬಲ್ಲ ಯಾರಿಗೂ ಕೂಡಲೇ ಅರ್ಥವಾಗುತ್ತದೆ. ಜಮೀನು ಕೈ ಬದಲಾಗಬಹುದು, ಬೇಲಿ ಸರಿಯಬಹುದು. ಸರ್ವೆ ನಂಬರ್ ಬದಲಾಗುವುದಿಲ್ಲ. ಹಾಗೆಯೇ ಇಲ್ಲಿ ಪ್ರತಿ ಪ್ರಬಂಧಕ್ಕೂ 10603 ಎಂಬ ಸಂಖ್ಯೆಯಿಂದ ಶುರುವಾಗುವ ಹ್ಯಾಂಡಲ್ ಇರುತ್ತದೆ. ಸರ್ವರ್ ಬದಲಾದರೂ, ಜಾಲತಾಣದ ರೂಪ ಬದಲಾದರೂ ಆ ನಂಬರು ಒತ್ತಿದರೆ ಅದೇ ಪ್ರಬಂಧ ತೆರೆಯಬೇಕು. ಪಹಣಿಯ ಕಾಲಂಗಳಲ್ಲಿ ಮಾಲೀಕರ ಹೆಸರು, ವಿಸ್ತೀರ್ಣ, ಬೆಳೆ ಇರುವಂತೆ ಇಲ್ಲಿ ಸಂಶೋಧಕರು, ಮಾರ್ಗದರ್ಶಕರು, ವಿಭಾಗ, ವರ್ಷ, ಮುಖ್ಯಪದಗಳು ಇರುತ್ತವೆ. ಇದಕ್ಕೆ ಮೆಟಾಡೇಟಾ ಎನ್ನುತ್ತಾರೆ. ಒಂದು ಸರ್ವೆ ನಂಬರ್ ಹಿಸ್ಸಾಗಳಾಗಿ ಒಡೆದಂತೆ ಪ್ರಬಂಧವೂ ಶೀರ್ಷಿಕೆ, ಪ್ರಮಾಣಪತ್ರ, ಅಧ್ಯಾಯಗಳು ಎಂದು ನಂಬರು ಹೊತ್ತ ಬೇರೆ ಬೇರೆ ಪಿಡಿಎಫ್ ಆಗಿರುತ್ತದೆ. ‘ಭೂಮಿ’ ಯೋಜನೆ ಬಂದ ಮೇಲೆ ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತು. ಇಲ್ಲಿಯೂ ಭಂಡಾರಗಳು ಒಪ್ಪಿಕೊಂಡ ಒಂದೇ ನಿಯಮಾವಳಿಯಿಂದಾಗಿ ಕಾಲಂಗಳನ್ನು ಬೇರೆ ಹುಡುಕುತಾಣಗಳು ತಾವಾಗಿಯೇ ಓದಿಕೊಳ್ಳುತ್ತವೆ. ಪಹಣಿಯಲ್ಲಿ ಹೆಸರು ತಪ್ಪಿದರೆ ಆಗುವ ಫಜೀತಿಯೂ ಇಲ್ಲಿ ಅಷ್ಟೇ ನಿಜ: ಮುಖ್ಯಪದಗಳ ಕಾಲಂ ಖಾಲಿ ಬಿಟ್ಟ ಪ್ರಬಂಧ ಭಂಡಾರದಲ್ಲಿದ್ದೂ ಇಲ್ಲದಂತೆ.

ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ್ದು ಕರ್ನಾಟಕ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಭೌತವಿಜ್ಞಾನಿಗಳಿಗಾಗಿ ಆರಂಭಿಸಿದ ಲೇಖನ ಭಂಡಾರ ‘ಆರ್ಕೈವ್’ ಜಗತ್ತಿಗೆ ಮಾದರಿಯಾಗಿತ್ತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಪ್ರೊ. ಶಾಲಿನಿ ಅರಸ್ 2000ದಲ್ಲಿ ‘ವಿದ್ಯಾನಿಧಿ’ ಎಂಬ ಪ್ರಬಂಧಗಳ ಡಿಜಿಟಲ್ ಗ್ರಂಥಾಲಯ ಆರಂಭಿಸಿದರು. ಅದೂ ಶೋಧಗಂಗಾ ಬರುವುದಕ್ಕೆ ವರ್ಷಗಳ ಮೊದಲು, ಭಾರತೀಯ ಲಿಪಿಗಳಿಗೂ ಜಾಗ ಕೊಟ್ಟು. 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ಬಿ. ರಾಜಶೇಖರ್ ಅವರ ತಂಡ ದೇಶದ ಮೊದಲ ಸಾಂಸ್ಥಿಕ ಭಂಡಾರವನ್ನು ತೆರೆಯಿತು. ವಿಜ್ಞಾನಿಗಳು ತಮ್ಮ ಲೇಖನದ ಪ್ರತಿಯನ್ನು ತಾವೇ ಅಲ್ಲಿಡುವ ಪದ್ಧತಿ ಹೀಗೆ ಇಲ್ಲಿ ಬೇರೂರಿತು. ಅದೇ ಸಂಸ್ಥೆಯ ಇನ್ನೊಂದು ಆವರಣ ಈಗ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ.

ಕೃಷಿಗೆ ಪ್ರತ್ಯೇಕ ಭಂಡಾರವಿದೆ, ‘ಕೃಷಿಕೋಶ’. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು ಇರುವುದು ಅಲ್ಲಿ. ದಾಳಿಂಬೆಗೆ ದುಂಡಾಣು ಅಂಗಮಾರಿ ತಗುಲಿದಾಗ ಹಿರಿಯೂರು, ಹೊಸದುರ್ಗದ ರೈತರು ಮೊದಲು ಕೇಳುವುದು ಔಷಧಿ ಅಂಗಡಿಯವರನ್ನು. ಬಬ್ಬೂರು ಫಾರಂನ ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿಯೊಬ್ಬರು ಕೃಷಿಕೋಶ ತೆರೆದು, ಯಾವ ಉಪಚಾರಕ್ಕೆ ಎಷ್ಟು ಇಳುವರಿ ಉಳಿಯಿತು ಎಂಬ ಕೋಷ್ಟಕವನ್ನು ಕನ್ನಡದಲ್ಲಿ ಹೇಳಿದರೆ ಆ ಮಾತುಕತೆಯ ಮಟ್ಟವೇ ಬೇರೆಯಾಗುತ್ತದೆ. ಭಂಡಾರದಲ್ಲಿದೆ ಎಂದ ಮಾತ್ರಕ್ಕೆ ಎಲ್ಲ ಪ್ರಬಂಧವೂ ಗಟ್ಟಿ ಎಂದು ನಂಬಬೇಕಿಲ್ಲ. ನಕಲು ಮಾಡಿದವರು, ಹಳೆಯ ಅಂಕಿಅಂಶ ತಿರುಗಿಸಿ ಕೊಟ್ಟವರು ಸಿಕ್ಕಿಬೀಳುವುದೂ ಎಲ್ಲರ ಕಣ್ಣಿಗೆ ಬಿದ್ದಾಗಲೇ.

ಇಷ್ಟೆಲ್ಲ ಇದ್ದೂ ಕನ್ನಡದ ಪ್ರಬಂಧಗಳ ವಿಷಯದಲ್ಲಿ ದೊಡ್ಡದೊಂದು ಅಡ್ಡಿ ಉಳಿದಿದೆ. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪಾದ ಪ್ರಬಂಧವನ್ನು ತೆರೆದರೆ ಪರದೆಯ ಮೇಲೆ ‘ಚಿತ್ರದುರ್ಗ’ ಎಂದೇ ಕಾಣುತ್ತದೆ. ಆ ಪದವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಗುಟ್ಟು ರಟ್ಟಾಗುತ್ತದೆ: ‘ಚಿ’ ಇದ್ದಲ್ಲಿ ಇಂಗ್ಲಿಷಿನ ಸಣ್ಣ ‘ಎ’, ‘ತ’ ಇದ್ದಲ್ಲಿ ‘ವಿ’, ‘ದ’ ಇದ್ದಲ್ಲಿ ‘ಝಡ್’, ಮಿಕ್ಕದ್ದಕ್ಕೆ ಹೆಚ್ಚಾಗಿ ಯುರೋಪಿನ ಬೇರೆ ಭಾಷೆಗಳ ಅಕ್ಷರಗಳು. ಫಾಂಟು ಅವುಗಳಿಗೆ ಕನ್ನಡದ ಆಕಾರ ತೊಡಿಸಿದೆ, ಕಂಪ್ಯೂಟರಿಗೆ ಅದು ಕನ್ನಡವೆಂದೇ ತಿಳಿಯದು. ಯೂನಿಕೋಡ್‌ನಲ್ಲಾದರೆ ‘ಚ’ ಅಕ್ಷರಕ್ಕೆ 3226 ಎಂಬ ಸ್ವಂತ ಸಂಖ್ಯೆಯಿದೆ. ಇಂಗ್ಲಿಷಿನ ಸಣ್ಣ ‘ಎ’ಯ ಸಂಖ್ಯೆ 97. ಹುಡುಕುವವರು 3226 ಕೇಳುತ್ತಾರೆ, ಕಡತದಲ್ಲಿ 97 ಇದೆ, ಪ್ರಬಂಧ ಸಿಗುವುದಿಲ್ಲ. ಪುಟಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದರೆ ಅಷ್ಟೂ ಇಲ್ಲ, ಇರುವುದು ಬರೀ ಚಿತ್ರ. ಅದನ್ನು ಪಠ್ಯವಾಗಿಸುವ ಒಸಿಆರ್ ತಂತ್ರಾಂಶ ಕನ್ನಡಕ್ಕೂ ಉಚಿತವಾಗಿ ಸಿಗುತ್ತದೆ, ಆದರೆ ಒತ್ತಕ್ಷರಗಳಲ್ಲಿ ಎಡವುವುದರಿಂದ ಕರಡು ತಿದ್ದುವವರು ಬೇಕು.

ಹೊಸ ಪ್ರಬಂಧಗಳಿಗೆ ಈ ಗತಿ ಬರಬೇಕಾಗಿಲ್ಲ. ಶೀರ್ಷಿಕೆಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೊಡುವುದು, ಮುಖ್ಯಪದಗಳಲ್ಲಿ ಜಿಲ್ಲೆಯ ಜೊತೆಗೆ ತಾಲ್ಲೂಕು ಮತ್ತು ಹಳ್ಳಿಯ ಹೆಸರು ಸೇರಿಸುವುದು, ಯೂನಿಕೋಡ್‌ನಲ್ಲೇ ಟೈಪಿಸುವುದು ಸಂಶೋಧಕರ ಕೈಯಲ್ಲಿದೆ. ಮಿಕ್ಕದ್ದು ಪ್ರತಿ ಪಡೆದುಕೊಳ್ಳುವ ಗ್ರಂಥಾಲಯದ್ದು. ಸ್ವೀಕೃತಿ ಬರೆದುಕೊಡುವ ಮುನ್ನ ಕಡತ ತೆರೆದು ಹೊಳಲ್ಕೆರೆಯನ್ನೋ ಹೊಸದುರ್ಗವನ್ನೋ ಹುಡುಕಿ ನೋಡಲು ಅರ್ಧ ನಿಮಿಷ ಸಾಕು. ಸಿಗದಿದ್ದರೆ ಸರಿಪಡಿಸಿದ ಪ್ರತಿಯನ್ನು ಆಗಲೇ ಕೇಳಬೇಕು. ಪದವಿ ಕೈಸೇರಿ ಬೇರೆ ಊರಿಗೆ ಹೋದವರಿಂದ ಅದನ್ನು ತರಿಸಿಕೊಳ್ಳುವುದು ಸುಲಭವಲ್ಲ.