ಸಂಕೋಲೆಯೊಳಗಿನ ಸಂತೋಷ

ಅಪೊಸ್ತಲನಾದ ಪೌಲನು ಊರೂರಿನ ಸಭೆಗಳಿಗೆ ಬರೆದ ಪತ್ರಿಕೆಗಳು ಸತ್ಯವೇದದ ಹೊಸ ಒಡಂಬಡಿಕೆಯಲ್ಲಿ ಹಲವಿದ್ದರೂ, ಸಂತೋಷವೆಂಬುದು ಮೊದಲಿನಿಂದ ಕಡೆಯವರೆಗೆ ಅಂತರ್ವಾಹಿನಿಯಾಗಿ ಹರಿದಿರುವುದು ಫಿಲಿಪ್ಪಿ ಪಟ್ಟಣದ ಕ್ರೈಸ್ತರಿಗೆ ಅವನು ಬರೆದ ನಾಲ್ಕೇ ಅಧ್ಯಾಯಗಳ ಸಣ್ಣ ಪತ್ರಿಕೆಯಲ್ಲಿ. ಬರೆದವನು ಆ ಹೊತ್ತಿನಲ್ಲಿ ಬೇಡಿ ತೊಟ್ಟ ಸೆರೆಯಾಳು. ತನಗೆ ಕಾದಿರುವುದು ಬಿಡುಗಡೆಯೋ ಮರಣವೋ ಎಂಬುದು ಇನ್ನೂ ನಿಶ್ಚಯವಾಗದವನು. ಅಂಥವನು, ಹೊರಗೆ ಸ್ವತಂತ್ರರಾಗಿ ಓಡಾಡಿಕೊಂಡಿದ್ದವರಿಗೆ, ಸಂತೋಷಪಡಿರೆಂದು ಮತ್ತೆ ಮತ್ತೆ ಬುದ್ಧಿ ಹೇಳುತ್ತಾನೆ. ನಿತ್ಯವಾದ ಆನಂದವೆಂಬುದು ಉಂಟೆ, ಉಂಟಾದರೆ ಅದರ ನೆಲೆ ಯಾವುದು ಎಂಬ ಪ್ರಶ್ನೆಗೆ ಕ್ರೈಸ್ತ ವಿಶ್ವಾಸವು ಕೊಡುವ ಉತ್ತರವನ್ನು ಅರಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಪ್ರವೇಶದ್ವಾರವನ್ನು ನಾನು ಕಾಣೆ.

ಫಿಲಿಪ್ಪಿ ಇದ್ದುದು ಮಕೆದೋನ್ಯದಲ್ಲಿ, ಎಂದರೆ ಇಂದಿನ ಗ್ರೀಸ್ ದೇಶದ ಉತ್ತರ ಭಾಗದಲ್ಲಿ. ಅಲೆಗ್ಸಾಂಡರನ ತಂದೆಯಾದ ಎರಡನೆಯ ಫಿಲಿಪ್ಪನು ಕ್ರಿ.ಪೂ. 356ರಲ್ಲಿ ಅದಕ್ಕೆ ತನ್ನ ಹೆಸರನ್ನಿಟ್ಟನು, ಕ್ರಿ.ಪೂ. 42ರಲ್ಲಿ ಜೂಲಿಯಸ್ ಸೀಸರನ ಹಂತಕರು ಅಲ್ಲಿ ಸೋತ ಮೇಲೆ, ಸೇನೆಯಿಂದ ಬಿಡುಗಡೆ ಹೊಂದಿದ ರೋಮನ್ ಯೋಧರಿಗೆ ಭೂಮಿ ಹಂಚಿಕೊಟ್ಟು ಅದನ್ನು ರೋಮಿನ ವಸಾಹತನ್ನಾಗಿ ಮಾಡಿದರು. ರೋಮನ್ ಪೌರತ್ವದ ಹೆಮ್ಮೆ ತುಂಬಿದ್ದ ಈ ಊರಿಗೆ ಪೌಲನೂ ಅವನ ಸಂಗಡಿಗನಾದ ಸೀಲನೂ ಬಂದದ್ದು ಕ್ರಿ.ಶ. 50ರ ಸುಮಾರಿಗೆ. ಊರಬಾಗಿಲಿನ ಆಚೆ, ಹೊಳೆಯ ದಡದಲ್ಲಿ ಪ್ರಾರ್ಥನೆಗೆಂದು ಕೂಡಿದ್ದ ಹೆಂಗಸರೊಡನೆ ಅವರು ಮಾತಾಡಿದರು. ಧೂಮ್ರವರ್ಣದ ವಸ್ತ್ರಗಳನ್ನು ಮಾರುತ್ತಿದ್ದ ಲುದ್ಯಳೆಂಬ ಥುವತೈರದ ಹೆಣ್ಣುಮಗಳು ಮನಸ್ಸಿಟ್ಟು ಕೇಳಿ, ನಂಬಿ, ಅವರನ್ನು ಬಲವಂತಮಾಡಿ ತನ್ನ ಮನೆಗೆ ಕರೆದೊಯ್ದಳು.

ಆಮೇಲೆ ನಡೆದುದನ್ನು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವು ವಿಸ್ತಾರವಾಗಿ ಹೇಳುತ್ತದೆ. ಕಣಿ ಹೇಳಿ ಯಜಮಾನರಿಗೆ ಹಣ ಗಳಿಸಿಕೊಡುತ್ತಿದ್ದ ದಾಸಿಯೊಬ್ಬಳು ಪೌಲನ ಮಾತಿನಿಂದ ತನ್ನನ್ನು ಹಿಡಿದಿದ್ದ ದುರಾತ್ಮದಿಂದ ಮುಕ್ತಳಾದಳು. ಸಂಪಾದನೆ ಕಳೆದುಕೊಂಡ ಯಜಮಾನರು ಇಬ್ಬರನ್ನೂ ಅಧಿಕಾರಿಗಳ ಮುಂದೆ ಎಳೆದು ತಂದರು. ಅಧಿಕಾರಿಗಳು ವಿಚಾರಣೆಯಿಲ್ಲದೆ, ಬಟ್ಟೆ ಕಿತ್ತು, ಛಡಿಗಳಿಂದ ಹೊಡೆಸಿ, ಒಳಸೆರೆಗೆ ತಳ್ಳಿ, ಕಾಲುಗಳಿಗೆ ಕೋಳ ಹಾಕಿಸಿದರು. ಬೆನ್ನು ಸೀಳಿಹೋದವನಿಗೆ ಒರಗುವ ಹಾಗಿಲ್ಲ, ಕಾಲು ಕೋಳದಲ್ಲಿ ಸಿಕ್ಕಿದವನಿಗೆ ಮಗ್ಗುಲು ತಿರುಗುವ ಹಾಗಿಲ್ಲ. ಆ ಸ್ಥಿತಿಯಲ್ಲಿ, ನಡುರಾತ್ರಿಯ ಹೊತ್ತಿಗೆ, ಅವರಿಬ್ಬರೂ ದೇವರಿಗೆ ಸ್ತುತಿಗೀತೆಗಳನ್ನು ಹಾಡುತ್ತಿದ್ದರು, ಇತರ ಸೆರೆಯಾಳುಗಳು ಕಿವಿಗೊಟ್ಟು ಕೇಳುತ್ತಿದ್ದರು. ಆಗ ಭೂಮಿ ಕಂಪಿಸಿ ಬಾಗಿಲುಗಳೆಲ್ಲ ತೆರೆದುಕೊಂಡವು. ಕೈದಿಗಳು ಓಡಿಹೋದರೆಂದು ಎಣಿಸಿ ಕತ್ತಿ ಹಿರಿದು ಪ್ರಾಣ ಕಳೆದುಕೊಳ್ಳಲಿದ್ದ ಸೆರೆಮನೆಯ ಯಜಮಾನನನ್ನು ಪೌಲನು ಕೂಗಿ ತಡೆದನು. ಅದೇ ರಾತ್ರಿ ಆ ಮನುಷ್ಯನು ಅವರ ಗಾಯಗಳನ್ನು ತೊಳೆದು, ಮನೆಯವರೆಲ್ಲರೊಡನೆ ದೀಕ್ಷಾಸ್ನಾನ ಹೊಂದಿ, ಅವರಿಗೆ ಊಟ ಬಡಿಸಿದನು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಭೂಕಂಪದ ಅದ್ಭುತವನ್ನೇ ಎತ್ತಿ ಹೇಳುತ್ತಾರೆ. ನನ್ನ ಮನಸ್ಸು ನಿಲ್ಲುವುದು ಅದಕ್ಕೆ ಹಿಂದಿನ ಗಳಿಗೆಯಲ್ಲಿ. ಬಾಗಿಲುಗಳಿನ್ನೂ ಮುಚ್ಚಿದ್ದಾಗಲೇ, ತೆರೆಯುವುವೆಂಬ ಸೂಚನೆಯೂ ಇಲ್ಲದಿದ್ದಾಗಲೇ, ಹಾಡು ಹುಟ್ಟಿತ್ತು.

ಹೀಗೆ ಫಿಲಿಪ್ಪಿಯಲ್ಲಿ ಹುಟ್ಟಿದ ಸಭೆಗೇ ಪೌಲನು ವರ್ಷಗಳ ತರುವಾಯ ಮತ್ತೊಂದು ಸೆರೆಯಿಂದ ಪತ್ರಿಕೆ ಬರೆದನು. ಅದು ರೋಮಾಪುರದ ಸೆರೆಯೆಂಬುದು, ಕಾಲ ಸುಮಾರು ಕ್ರಿ.ಶ. 60ರಿಂದ 62 ಎಂಬುದು ಸಂಪ್ರದಾಯದ ಅಭಿಪ್ರಾಯ. ಎಫೆಸವೆಂದೂ ಕೈಸರೈಯವೆಂದೂ ಹೇಳುವ ವಿದ್ವಾಂಸರುಂಟು. ಅಂದಿನ ಸೆರೆಯಾಳಿನ ಅನ್ನ ಬಟ್ಟೆಗಳ ಭಾರ ಬಹುಮಟ್ಟಿಗೆ ಅವನ ಬಂಧುಮಿತ್ರರದಾಗಿತ್ತು. ಆದುದರಿಂದ ಫಿಲಿಪ್ಪಿಯವರು ಎಪಫ್ರೊದೀತನೆಂಬವನ ಕೈಯಲ್ಲಿ ಸಹಾಯ ಕಳುಹಿಸಿದರು. ಬಂದವನು ರೋಗಕ್ಕೆ ಬಿದ್ದು ಸಾಯುವ ಹಾಗಾದನು. ತನ್ನ ಕಾಯಿಲೆಯ ಸುದ್ದಿ ಊರಿಗೆ ಮುಟ್ಟಿತೆಂದು ತಿಳಿದಾಗ, ತನ್ನ ಪ್ರಾಣಕ್ಕಿಂತ ಊರಿನವರ ವ್ಯಾಕುಲವನ್ನು ನೆನೆದು ಕಳವಳಗೊಂಡನು. ಅವನು ತೀರಿಹೋಗಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತೆಂದು ಪೌಲನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಮೂರನೆಯ ಅಧ್ಯಾಯದಲ್ಲಂತೂ ಅಳುತ್ತಲೇ ಬರೆಯುತ್ತಿದ್ದೇನೆ ಎನ್ನುತ್ತಾನೆ. ವಿಶ್ವಾಸಿಯಾದವನು ಸದಾ ನಗುಮುಖದಿಂದಿರಬೇಕು, ಕಣ್ಣೀರು ಅವಿಶ್ವಾಸದ ಲಕ್ಷಣ ಎಂದು ಉಪದೇಶಿಸಿ, ಶೋಕದಲ್ಲಿರುವವರ ಎದೆಯ ಮೇಲೆ ಇನ್ನೊಂದು ಕಲ್ಲನ್ನು ಹೇರುವ ಸಜ್ಜನರು ಈ ಪುಟಗಳನ್ನು ಓದಬೇಕು. ಇಲ್ಲಿ ಆನಂದವೂ ಅಶ್ರುವೂ ಒಂದೇ ಹೃದಯದಲ್ಲಿ ನೆಲಸಿವೆ.

ಹಾಗಾದರೆ ಈ ಆನಂದಕ್ಕೆ ಆಧಾರವೇನು? ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಅದು ಕಾಣಸಿಗುತ್ತದೆ. ದೇವಸ್ವರೂಪನಾದ ಕ್ರಿಸ್ತನು ಆ ಪದವಿಯನ್ನು ಬಿಗಿಹಿಡಿದುಕೊಳ್ಳದೆ, ತನ್ನನ್ನು ಬರಿದುಮಾಡಿಕೊಂಡು, ದಾಸನ ರೂಪವನ್ನು ಧರಿಸಿ, ಶಿಲುಬೆಯ ಮರಣದವರೆಗೂ ಇಳಿದುಬಂದನೆಂದೂ, ಆ ಕಾರಣದಿಂದಲೇ ದೇವರು ಅವನನ್ನು ಸರ್ವೋನ್ನತಸ್ಥಾನಕ್ಕೆ ಏರಿಸಿದನೆಂದೂ ಅಲ್ಲಿ ಹೇಳಿದೆ. ಶಿಲುಬೆಯೆಂದರೆ ರೋಮನ್ ಪ್ರಜೆಗೆ ಸಾಮಾನ್ಯವಾಗಿ ವಿಧಿಸದ, ದಾಸರಿಗೂ ದಂಗೆಕೋರರಿಗೂ ಮೀಸಲಾದ ಹೀನಾಯವಾದ ಸಾವು. ಪೌರತ್ವವನ್ನೇ ಪ್ರತಿಷ್ಠೆಯೆಂದು ತಿಳಿದಿದ್ದ ಊರಿಗೆ ಈ ಮಾತು ಸಿಡಿಲಿನಂತೆ ಕೇಳಿಸಿರಬೇಕು. ಮನುಷ್ಯನು ಬೀಳಬಹುದಾದ ಅತ್ಯಂತ ಆಳವಾದ ಕೂಪಕ್ಕೂ ದೇವರು ಮೊದಲೇ ಇಳಿದಿದ್ದಾನೆ, ಇಳಿದು ಜಯಿಸಿ ಎದ್ದಿದ್ದಾನೆ ಎಂದು ನಂಬಿದವನಿಗೆ, ತಾನು ಒಂಟಿಯಾಗಿ ಇರಬೇಕಾದ ಸೆರೆ ಯಾವುದೂ ಉಳಿಯುವುದಿಲ್ಲ. ಪೌಲನು ಬರಿದೆ ಸಂತೋಷಪಡಿರಿ ಎನ್ನದೆ ಕರ್ತನಲ್ಲಿ ಸಂತೋಷಪಡಿರಿ ಎಂದು ಹೇಳುವುದರ ತಾತ್ಪರ್ಯ ಇದೇ.

ಇಷ್ಟಾದರೂ ಈ ಸಂತೋಷವು ನಂಬಿದ ದಿನವೇ ಸಿದ್ಧವಾಗಿ ಕೈಗೆ ಬರುವ ವಸ್ತುವಲ್ಲ. ಹಸಿವೆಯಲ್ಲಿಯೂ ತೃಪ್ತಿಯಲ್ಲಿಯೂ, ಸಮೃದ್ಧಿಯಲ್ಲಿಯೂ ಕೊರತೆಯಲ್ಲಿಯೂ ಸಂತುಷ್ಟನಾಗಿರುವುದನ್ನು ತಾನು ಕಲಿತುಕೊಂಡೆನೆಂದು ಪೌಲನು ಹೇಳಿಕೊಂಡಿದ್ದಾನೆ. ಅದರ ಬೆನ್ನಿಗೇ, ತನ್ನನ್ನು ಬಲಪಡಿಸುವಾತನಿಂದ ತಾನು ಎಲ್ಲಕ್ಕೂ ಶಕ್ತನೆಂಬ ಪ್ರಸಿದ್ಧ ವಾಕ್ಯ ಬರುತ್ತದೆ. ನಮ್ಮ ಕ್ರೈಸ್ತರ ಮನೆಗಳಲ್ಲಿ ಈ ಒಂದು ವಾಕ್ಯವನ್ನೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದುಂಟು. ಬಿಡಿಯಾಗಿ ಓದಿದಾಗ ಅದು ಪರೀಕ್ಷೆಯಲ್ಲಿ, ವ್ಯಾಪಾರದಲ್ಲಿ ಗೆಲ್ಲಿಸುವ ಮಂತ್ರದಂತೆ ತೋರುತ್ತದೆ. ಹಿಂದಿನ ವಾಕ್ಯದೊಡನೆ ಓದಿದವರಿಗೆ ಮಾತ್ರ ಅದು ಹಸಿದ ಹೊಟ್ಟೆಯನ್ನು ಸಹಿಸಿ ಬಲ್ಲವನ ಮಾತೆಂದು ತಿಳಿದೀತು. ಸಂತೋಷಪಡಿರೆಂಬ ಆಜ್ಞೆಯೂ ಹಾಗೆಯೇ: ಅದಕ್ಕೆ ಎರಡು ವಾಕ್ಯ ಹಿಂದೆ, ಮನಸ್ತಾಪದಿಂದ ದೂರವಾಗಿದ್ದ ಯುವೊದ್ಯ ಸಂತುಕೆಯರೆಂಬ ಇಬ್ಬರು ಸೇವಕಿಯರು ಒಂದಾಗಬೇಕೆಂದು ಅವನು ಹೆಸರು ಹಿಡಿದು ಬೇಡಿಕೊಂಡಿದ್ದಾನೆ, ಅದರ ಅನಂತರ, ಚಿಂತೆಗಳನ್ನು ಕೃತಜ್ಞತೆಯೊಡನೆ ದೇವರಿಗೆ ಅರಿಕೆಮಾಡಿರೆಂದೂ, ಸತ್ಯವೂ ಮಾನ್ಯವೂ ಶುದ್ಧವೂ ಆದುವನ್ನು ಮನಸ್ಸಿನಲ್ಲಿ ತುಂಬಿಕೊಳ್ಳಿರೆಂದೂ ಹೇಳಿದ್ದಾನೆ. ಜಗಳ ತೀರಿಸಿಕೊಳ್ಳುವುದು, ಪ್ರಾರ್ಥಿಸುವುದು, ಒಳ್ಳೆಯದನ್ನು ಧ್ಯಾನಿಸುವುದು ಇವುಗಳ ಅಭ್ಯಾಸದಲ್ಲಿ ಆ ಆನಂದವು ದಿನೇ ದಿನೇ ಬಲಿಯುತ್ತದೆ.

ಈ ಪತ್ರಿಕೆಯನ್ನು ಕನ್ನಡದಲ್ಲಿಯೇ ಓದಿ ನೋಡಬಹುದು. 19ನೆಯ ಶತಮಾನದ ಪೂರ್ವಾರ್ಧದಲ್ಲಿ, ಬಳ್ಳಾರಿಯಲ್ಲಿ ನೆಲಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ ಸತ್ಯವೇದದೊಡನೆ ಈ ಪತ್ರಿಕೆಯೂ ಕನ್ನಡಕ್ಕೆ ಬಂದಿತು. ಇದರಲ್ಲಿರುವುದು 104 ವಾಕ್ಯಗಳು ಮಾತ್ರ. ಒಂದೇ ಬಾರಿಗೆ ಕುಳಿತು, ಗಟ್ಟಿಯಾಗಿ, ಮನೆಯವರಿಗೆ ಕೇಳಿಸುವಂತೆ ಓದುವುದು ಉತ್ತಮ. ಏಕೆಂದರೆ ಇದು ಮೊದಲು ಫಿಲಿಪ್ಪಿಗೆ ಹೋದದ್ದೇ ನೆರೆದ ಸಭೆಯ ಮುಂದೆ ಓದಿ ಹೇಳಲೆಂದು. ಓದುತ್ತ ಹೋದವರು ಕಡೆಯಲ್ಲಿ ವಂದನೆಗಳ ಸಾಲಿಗೆ ಬರುತ್ತಾರೆ. ಅಲ್ಲಿ ಪೌಲನು, ತನ್ನನ್ನು ಬಂಧಿಸಿಟ್ಟಿರುವ ಚಕ್ರವರ್ತಿಯ ಮನೆಗೆ ಸೇರಿದವರಲ್ಲಿಯೇ ಕೆಲವರು ಕ್ರಿಸ್ತನನ್ನು ನಂಬಿದ್ದಾರೆಂದೂ, ಅವರು ಫಿಲಿಪ್ಪಿಯವರಿಗೆ ವಿಶೇಷವಾಗಿ ವಂದನೆ ಹೇಳುತ್ತಾರೆಂದೂ ಬರೆದಿದ್ದಾನೆ.