ಮರ ಕಡಿಯುವ ಮುನ್ನ ಟ್ರ್ಯಾಕ್ಟರು ದೂರವಿರಲಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಹೊಲಗಳ ಒಡ್ಡಿನ ಮೇಲೆ ಬೇವು, ಜಾಲಿ ಮರಗಳು ಸಾಮಾನ್ಯ. ಒಣಗಿದ ಅಥವಾ ಬೆಳೆಗೆ ನೆರಳಾಗುವ ಮರವನ್ನು ಕಡಿಯುವಾಗ, ಕಟ್ಟಿಗೆ ಹೇರಲು ಅನುಕೂಲವೆಂದು ಟ್ರ್ಯಾಕ್ಟರನ್ನು ಹತ್ತಿರವೇ ನಿಲ್ಲಿಸುವುದುಂಟು. ಮರ ಅದರ ಮೇಲೆ ಬಿದ್ದರೆ ಕಟ್ಟಿಗೆ ಮಾರಿದ ಹಣ ದುರಸ್ತಿಗೆ ಸಾಲದು. ಸಾಲದ ಕಂತು ಮಾತ್ರ ತಪ್ಪದು. ಚಾಲಕ ಕುಳಿತಿದ್ದರೆ ಪ್ರಾಣಕ್ಕೇ ಅಪಾಯ.

ದಿಕ್ಕು ತಪ್ಪಲು ಕಾರಣ

ಬುಡ ನೆಟ್ಟಗಿದ್ದರೂ ಕೊಂಬೆಗಳ ಭಾರ ಒಂದೇ ಕಡೆ ಇರಬಹುದು. ಕಾಂಡ ಒಳಗೆ ಪೊಳ್ಳಾಗಿರಬಹುದು. ಎರೆಭೂಮಿ ಮಳೆಗೆ ನೆನೆದಾಗ ಬೇರಿನ ಹಿಡಿತ ಸಡಿಲವಾಗುತ್ತದೆ. ಬಾದಾಮಿ ಕಡೆಯ ಕಲ್ಲುನೆಲದಲ್ಲಿ ಮಣ್ಣು ತೆಳುವಾಗಿದ್ದರೆ ಬೇರು ಆಳಕ್ಕೆ ಇಳಿದಿರುವುದಿಲ್ಲ. ಗಾಳಿ ಬೀಸುವಾಗ ಕಡಿಯಲೇಬಾರದು.

ಎತ್ತರ ಅಳೆಯುವ ಬಗೆ

ಕಣ್ಣಿನಿಂದ ಚಾಚಿದ ಮುಷ್ಟಿಯವರೆಗೆ ಎಷ್ಟು ಉದ್ದವೋ ಅಷ್ಟೇ ಕೋಲು ಮುಷ್ಟಿಯ ಮೇಲೆ ನೆಟ್ಟಗೆ ನಿಲ್ಲುವಂತೆ ಹಿಡಿಯಿರಿ. ಸಮನೆಲದಲ್ಲಿ ಹಿಂದೆ ಸರಿಯಿರಿ. ಮುಷ್ಟಿ ಮರದ ಬುಡಕ್ಕೂ ಕೋಲಿನ ತುದಿ ಮರದ ತುದಿಗೂ ಸರಿಹೊಂದಿದಲ್ಲಿ ನಿಲ್ಲಿರಿ. ಅಲ್ಲಿಂದ ಮರದವರೆಗಿನ ಅಂತರವೇ ಹೆಚ್ಚುಕಡಿಮೆ ಮರದ ಎತ್ತರ. ಇದರ ಎರಡು ಪಟ್ಟು ದೂರದೊಳಗೆ ವಾಹನ, ದನ, ಜನ ಇರಬಾರದು. ಮರ 30 ಅಡಿಯಾದರೆ 60 ಅಡಿ ತೆರವಿರಲಿ.

ಕಡಿಯುವ ಕ್ರಮ

ಮೊದಲು ಬೀಳಿಸಬೇಕಾದ ಕಡೆ ಕಾಂಡದ ದಪ್ಪದ ಕಾಲುಭಾಗದಷ್ಟು ಆಳ ಕಚ್ಚು ಹಾಕಿರಿ. ಅನಂತರ ಎದುರು ಬದಿಯಲ್ಲಿ ಕಚ್ಚಿನ ತಳಕ್ಕಿಂತ 2 ಅಂಗುಲ ಮೇಲೆ ಗರಗಸ ಆಡಿಸಿರಿ. ಪೂರ್ತಿ ಕೊಯ್ಯದೆ ನಡುವೆ ದಪ್ಪದ ಹತ್ತನೆಯ ಒಂದು ಭಾಗ ಉಳಿಸಿರಿ. ಈ ಪಟ್ಟಿಯೇ ಬಾಗಿಲಿನ ತಿರುಗಣಿಯಂತೆ ಮರವನ್ನು ಎಣಿಸಿದ ಕಡೆ ಬಾಗಿಸುತ್ತದೆ.

ಗಿಡ್ಡ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆದರೆ ಮರ ಎಳೆಯುವವನ ಮೇಲೆಯೇ ಬೀಳುತ್ತದೆ. ಎರಡು ಪಟ್ಟು ದೂರ ನಿಲ್ಲುವಷ್ಟು ಹಗ್ಗ ಇಲ್ಲದಿದ್ದರೆ ಎಳೆಯಬೇಡಿರಿ. ವಿದ್ಯುತ್ ತಂತಿ ಸಮೀಪವಿದ್ದರೆ ವಿದ್ಯುತ್ ಕಚೇರಿಗೆ ತಿಳಿಸಿ, ತಂತಿಯಲ್ಲಿ ವಿದ್ಯುತ್ ನಿಂತುದನ್ನು ಖಚಿತಪಡಿಸಿಕೊಂಡ ಮೇಲೆಯೇ ಕೊಡಲಿ ಎತ್ತಿರಿ.

ಅನುಮತಿ, ವಿಮೆ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರ ಪ್ರಕಾರ ಹಲವು ಜಾತಿಯ ಮರಗಳಿಗೆ, ಅವು ಸ್ವಂತ ಹೊಲದಲ್ಲಿದ್ದರೂ, ವೃಕ್ಷಾಧಿಕಾರಿಯ ಅನುಮತಿ ಬೇಕು. ಅರಣ್ಯ ಇಲಾಖೆಯಲ್ಲಿ ವಿಚಾರಿಸಿರಿ. ವಿಮಾ ಪತ್ರವನ್ನೂ ನೋಡಿಕೊಳ್ಳಿರಿ: ಮೂರನೆಯವರ ಹೊಣೆಗೆ ಮಾತ್ರ ಮಾಡಿಸಿದ ವಿಮೆಯಿಂದ ನಿಮ್ಮ ವಾಹನದ ಹಾನಿಗೆ ಪರಿಹಾರ ದೊರೆಯದು.

ಕೋಲು ಹಿಡಿದು ಅಳೆಯಲು ಐದು ನಿಮಿಷ ಸಾಕು. ಕೊಡಲಿ ಎತ್ತುವ ಮೊದಲು ಅಷ್ಟು ಹೊತ್ತು ಕೊಡಿರಿ.